ಹತ್ತು ಅಶ್ವಶಕ್ತಿಯ ಜಾತಕ

ಖಾಲಿ ಫಾರ್ಮು ಕಂಡರೆ ತುಂಬದೆ ಇರಲಾರದ ಚಟವೊಂದು ನನಗಿದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಫಾರ್ಮು. ಹೆಸರು, ತಂದೆಯ ಹೆಸರು, ಖಾಯಂ ವಿಳಾಸ ಎಂದು ಬರೆದು ಮುಂದೆ ಚುಕ್ಕಿ ಚುಕ್ಕಿ ಬಿಟ್ಟ ಜಾಗ ಕಣ್ಣಿಗೆ ಬಿದ್ದರೆ ಸಾಕು, ಜೇಬಿನ ಪೆನ್ನು ತಾನಾಗಿ ಕೈಗೆ ಬರುತ್ತದೆ. ಊರಿಗೆ ಹೋಗುವ ಯೋಚನೆಯೇ ಇಲ್ಲದಾಗಲೂ ರೈಲು ಟಿಕೆಟ್ಟಿನ ಫಾರ್ಮು ಎರಡು ತುಂಬಿಸಿ ಪರ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದೆ. ಒಮ್ಮೆ ಬಟ್ಟೆ ಅಂಗಡಿಯೊಂದರಲ್ಲಿ ಒಂದು ಜೊತೆ ಕಾಲುಚೀಲ ಕೊಂಡಿದ್ದಕ್ಕೆ ಅದೃಷ್ಟದ ಕೂಪನ್ ಕೊಟ್ಟರು. ನನ್ನದನ್ನು ತುಂಬಿ, ಹಿಂದೆ ನಿಂತಿದ್ದ ಅಜ್ಜಿಯದನ್ನೂ ಕೇಳಿ ಕೇಳಿ ತುಂಬಿಕೊಟ್ಟು, ಅಂಗಡಿಯವನು ಸಾಕು ಎನ್ನುವವರೆಗೂ ಕೌಂಟರು ಬಿಡಲಿಲ್ಲ. ಇದಕ್ಕೆಲ್ಲ ಕಾರಣ ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಖಾಲಿ ಬಿಟ್ಟರೆ ಖಂಡಿತ ಸೊನ್ನೆ, ಏನಾದರೂ ಬರೆದರೆ ಅರ್ಧ ಅಂಕವಾದರೂ ಬರುತ್ತದೆ ಎಂದು ಹತ್ತು ವರ್ಷ ನಮ್ಮ ಕಿವಿಯಲ್ಲಿ ಊದಿದವರು ಅವರು. ಬೇರೆ ಮಕ್ಕಳು ಮರೆತರು, ನಾನು ಮರೆಯಲಿಲ್ಲ.

ಈ ಚಟ ನನ್ನನ್ನು ಒಂದು ಗಂಡಾಂತರಕ್ಕೆ ತಂದು ನಿಲ್ಲಿಸಿದ್ದು ವಡೋದರಾದಲ್ಲಿ. ಹೊಸ ಶತಮಾನಕ್ಕೆ ಮೂರೋ ನಾಲ್ಕೋ ವರ್ಷ ತುಂಬಿದ್ದ ಕಾಲ. ಮಕರಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ಸುಟ್ಟುಹೋದ ವಿದ್ಯುತ್ ಮೋಟರುಗಳು ನಮ್ಮಲ್ಲಿಗೆ ಬರುತ್ತವೆ, ಒಳಗಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತಿ, ಪರೀಕ್ಷೆ ಮಾಡಿ ಕಳಿಸುತ್ತೇವೆ. ಪರೀಕ್ಷೆಯ ವಿಭಾಗ ನನ್ನದು, ಎಂದರೆ ಇಡೀ ದಿನ ಫಾರ್ಮು ತುಂಬುವುದು. ಸಂತೋಷವಾಗಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ. ವಯಸ್ಸು ಇಪ್ಪತ್ತೊಂಬತ್ತು, ಮದುವೆಯಾಗಿರಲಿಲ್ಲ. ಆಫೀಸಿಗೆ ಆಗತಾನೆ ಇಂಟರ್ನೆಟ್ಟು ಬಂದಿತ್ತು, ಎಲ್ಲರಿಗೂ ಒಂದೊಂದು ಈಮೇಲು ವಿಳಾಸ ಸಿಕ್ಕಿತ್ತು. ನನಗೆ ಯಾರೂ ಬರೆಯುವವರಿರಲಿಲ್ಲ. ಆದರೂ ದಿನಕ್ಕೆ ಆರು ಸಲ ತೆರೆದು ನೋಡುತ್ತಿದ್ದೆ.

ಕೊನೆಗೂ ಒಂದು ಪತ್ರ ಬಂತು, ನನ್ನ ಬ್ಯಾಂಕಿನ ಹೆಸರಿನಲ್ಲಿ. ಸುರಕ್ಷತೆಯ ದೃಷ್ಟಿಯಿಂದ ಗ್ರಾಹಕರ ವಿವರಗಳನ್ನು ಮತ್ತೊಮ್ಮೆ ಪರಿಶೀಲಿಸುತ್ತಿದ್ದೇವೆ, ಇಪ್ಪತ್ತನಾಲ್ಕು ಗಂಟೆಯ ಒಳಗೆ ಕೆಳಗಿನ ಫಾರ್ಮು ತುಂಬಿ ಕಳಿಸದಿದ್ದರೆ ಖಾತೆ ಮುಚ್ಚಲಾಗುವುದು ಎಂದಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಫಾರ್ಮು ಎಂಬ ಪದ ಮಾತ್ರ. ಖಾತೆ ಸಂಖ್ಯೆ, ಹುಟ್ಟಿದ ದಿನ, ತಾಯಿಯ ತವರಿನ ಹೆಸರು, ಕಾರ್ಡಿನ ಹದಿನಾರು ಅಂಕಿ, ಎಲ್ಲವನ್ನೂ ತುಂಬಿದೆ. ಗುಪ್ತಸಂಖ್ಯೆಯ ನಾಲ್ಕು ಚೌಕಗಳನ್ನೂ ತುಂಬಿದೆ. ಇನ್ನೇನಾದರೂ ತಿಳಿಸುವುದಿದೆಯೇ ಎಂದು ಕೊನೆಯಲ್ಲಿ ಒಂದು ಖಾಲಿ ಜಾಗವಿತ್ತು. ಅಲ್ಲಿ ನಿಮ್ಮ ಸೇವೆಯಿಂದ ತೃಪ್ತನಾಗಿದ್ದೇನೆ ಎಂದು ಬರೆದೆ. ಮರುದಿನ ಇನ್ನೂ ಮನಸ್ಸು ತಡೆಯದೆ, ಫಾರ್ಮು ತಲುಪಿತೇ ಎಂದು ವಿಚಾರಿಸಲು ಖುದ್ದಾಗಿ ಬ್ಯಾಂಕಿಗೇ ಹೋದೆ.

ಅಲ್ಲಿ ಹಂಸಾಬೆನ್ ಎಂಬ ಅಧಿಕಾರಿ ಇದ್ದರು. ಐವತ್ತರ ಹೆಂಗಸು, ಮೂಗಿನ ತುದಿಗೆ ಕನ್ನಡಕ. ನಾನು ಹೇಳಿದ್ದನ್ನು ಕೇಳಿ ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಬ್ಯಾಂಕು ಅಂಥ ಪತ್ರ ಬರೆಯುವುದೇ ಇಲ್ಲ, ಇದು ಕಳ್ಳರ ಕೆಲಸ ಎಂದು ಹೇಳಿ, ಹೊಸ ಕಾರ್ಡಿಗೆ ಬರೆದುಕೊಂಡು, ನನ್ನ ಖಾತೆ ತೆರೆದು ನೋಡಿದರು. ಯಾರೋ ಮೂರು ಸಲ ಪ್ರಯತ್ನಪಟ್ಟಿದ್ದರು. ಮೂರು ಸಲವೂ ಗುಪ್ತಸಂಖ್ಯೆ ತಪ್ಪಾಗಿ ಕಾರ್ಡು ತಾನಾಗಿ ಬಂದ್ ಆಗಿತ್ತು. ನನಗೆ ಅಂಕಿ ನೆನಪಿರುವುದಿಲ್ಲ. ಗುಪ್ತಸಂಖ್ಯೆ ಎಂದು ನಾನು ಬರೆದು ಕಳಿಸಿದ್ದು ನಮ್ಮ ಗ್ಯಾಸ್ ಏಜೆನ್ಸಿಯ ಗ್ರಾಹಕ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಹಂಸಾಬೆನ್ ನನ್ನನ್ನು ದಿಟ್ಟಿಸಿ ನೋಡಿ, "ಭಾಯ್, ನಿಮ್ಮನ್ನು ಕಾಪಾಡಿದ್ದು ಬ್ಯಾಂಕಲ್ಲ, ನಿಮ್ಮ ದಡ್ಡತನ" ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದರು. ಗುರುತಿಲ್ಲದವರು ಆತುರ ಪಡಿಸಿದರೆ ಅನುಮಾನ ಪಡಬೇಕು. ಯಾರಿಗೂ ಹೇಳಬೇಡಿ ಎಂದರೆ ಇನ್ನೂ ಅನುಮಾನ ಪಡಬೇಕು. ಕೂತಲ್ಲೇ ಆಸ್ತಿ ಬರುತ್ತದೆ ಎಂದರೆ ಓಡಿಬಿಡಬೇಕು. ಹುಟ್ಟಿದ ದಿನ, ತಾಯಿಯ ತವರು, ಸಂಬಳ, ಬ್ಯಾಂಕು ಕೇಳಿದರೆ ಅವರು ಕಳ್ಳರೇ, ಎರಡು ಮಾತಿಲ್ಲ.

ಹೊಸದಾಗಿ ಸಿಗರೇಟು ಬಿಟ್ಟವರ ಕಾಟ ನಿಮಗೆ ಗೊತ್ತಿರಬಹುದು. ನಾನು ಅಂಥವನಾದೆ. ಹಂಸಾಬೆನ್ ಹೇಳಿದ್ದನ್ನು ಕಾಗದದ ಮೇಲೆ ಬರೆದು ಕಾರ್ಖಾನೆಯ ಸೂಚನಾ ಫಲಕಕ್ಕೆ ಅಂಟಿಸಿದೆ. ಊಟದ ಬಿಡುವಿನಲ್ಲಿ ಭಾಷಣ ಮಾಡಿದೆ. ಹೊಸ ಹಲ್ಲುಡಾಕ್ಟರು ವಯಸ್ಸು ಕೇಳಿದ್ದಕ್ಕೆ ಏಕೆ ಎಂದು ಮರುಪ್ರಶ್ನೆ ಹಾಕಿದೆ. ಮನೆಯ ಮಾಲೀಕರು ಎಷ್ಟು ದಿನ ಊರಿಗೆ ಹೋಗುತ್ತೀರಿ ಎಂದು ಸಹಜವಾಗಿ ಕೇಳಿದರೆ ಈ ಮಾಹಿತಿ ತಮಗೇಕೆ ಎಂದೆ. ಅವರು ಆಮೇಲೆ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ನನಗೆ ಮಾತ್ರ ದಿನದಿನಕ್ಕೂ ಬುದ್ಧಿ ಹೆಚ್ಚುತ್ತಿದೆ ಎನ್ನಿಸುತ್ತಿತ್ತು.

ಅಷ್ಟರಲ್ಲಿ ಎರಡನೆಯ ಪತ್ರ ಬಂತು. ಸೂರತ್ತಿನಿಂದ, ಯಾರೋ ವಾಸುದೇವ ರಾವ್ ಎನ್ನುವವರ ಹೆಸರಿನಲ್ಲಿ. ಇಡೀ ಪತ್ರ ಇಂಗ್ಲಿಷಿನ ದಪ್ಪಕ್ಷರದಲ್ಲಿತ್ತು, ಸಾಲಿಗೆ ಮೂರು ತಪ್ಪಿತ್ತು. ನಂಬಿಕಸ್ಥರೊಬ್ಬರಿಂದ ತಮ್ಮ ಹೆಸರು ಸಿಕ್ಕಿದೆ, ಅನೇಕರಲ್ಲಿ ತಾವು ಆಯ್ಕೆಯಾಗಿದ್ದೀರಿ ಎಂದು ಶುರುವಾಗುತ್ತಿತ್ತು. ನಮಗೆ ಒಬ್ಬಳೇ ಮಗಳು, ಇರುವುದೆಲ್ಲ ಮುಂದೆ ನಿಮಗೇ ಎಂದಿತ್ತು. ಸದ್ಯಕ್ಕೆ ವಿಷಯ ಗುಟ್ಟಾಗಿರಲಿ ಎಂದಿತ್ತು. ಎಂಟು ದಿನದೊಳಗೆ ಉತ್ತರ ಬೇಕು, ಆಮೇಲೆ ದಿನ ಚೆನ್ನಾಗಿಲ್ಲ ಎಂದಿತ್ತು. ಕೆಳಗೆ ಪ್ರಶ್ನೆಗಳು: ಹುಟ್ಟಿದ ದಿನ, ಗಂಟೆ, ನಿಮಿಷ, ಸ್ಥಳ, ತಾಯಿಯ ತವರು, ಸಂಬಳ, ತೂಕ, ಮೈಬಣ್ಣ, ಸ್ವಭಾವ, ಯಾವ ಬ್ಯಾಂಕಿನಲ್ಲಿ ಖಾತೆ.

ಓದುವ ನಿಮಗೆ ಇದು ಏನೆಂದು ಆಗಲೇ ಗೊತ್ತಾಗಿದೆ. ನಮ್ಮ ಕಡೆಯ ಯಾವ ಮಗುವಿಗೂ ಗೊತ್ತಾಗುತ್ತದೆ. ಹುಟ್ಟಿದ ನಿಮಿಷ ಕಟ್ಟಿಕೊಂಡು ಕಳ್ಳನಿಗೆ ಏನಾಗಬೇಕಾಗಿದೆ? ಆದರೆ ಬುದ್ಧಿ ಹೆಚ್ಚಾದವನ ಪಾಡು ಬೇರೆ. ನಾನು ಹಂಸಾಬೆನ್ ಹೇಳಿದ ಲಕ್ಷಣಗಳನ್ನು ಒಂದೊಂದಾಗಿ ಗುರುತು ಹಾಕುತ್ತ ಹೋದೆ. ಆತುರ, ಉಂಟು. ಗುಟ್ಟು, ಉಂಟು. ಆಸ್ತಿ, ಉಂಟು. ನಿಮಿಷ ಕೇಳಿದ್ದನ್ನು ನೋಡಿ ಕಳ್ಳರು ಎಷ್ಟು ಮುಂದುವರಿದಿದ್ದಾರೆ ಎಂದು ಬೆರಗಾದೆ. ಮಗಳು ಎಂದು ಸೇರಿಸಿದ್ದು ನನ್ನಂಥ ಅವಿವಾಹಿತರನ್ನು ಬಲೆಗೆ ಬೀಳಿಸಲಿಕ್ಕೆ ಎಂದುಕೊಂಡೆ.

ಅಳಿಸಿಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೆಳಗೆ ಹತ್ತು ಖಾಲಿ ಜಾಗಗಳಿದ್ದವು. ನನ್ನ ಚಟ ನಿಮಗೆ ಗೊತ್ತೇ ಇದೆ. ನಿಜ ಬರೆಯುವ ಹಾಗಿಲ್ಲ, ಖಾಲಿ ಬಿಡುವ ಹಾಗೂ ಇಲ್ಲ. ನನ್ನ ಮೇಜಿನ ಪಕ್ಕದಲ್ಲಿ ಆ ದಿನ ಹತ್ತು ಅಶ್ವಶಕ್ತಿಯ ಹಳೆಯ ಮೋಟರೊಂದು ಕೂತಿತ್ತು. ಯಾವುದೋ ಬಟ್ಟೆ ಗಿರಣಿಯಲ್ಲಿ ನೀರೆತ್ತುತ್ತಿದ್ದಾಗ ಸುಟ್ಟುಹೋಗಿ ರಿಪೇರಿಗೆ ಬಂದದ್ದು. ಅದರ ಜೊತೆ ಅದು ಹುಟ್ಟಿದಾಗಿನ ಪರೀಕ್ಷಾ ಪತ್ರವೂ ಬಂದಿತ್ತು. ಅದನ್ನು ಎದುರಿಗಿಟ್ಟುಕೊಂಡು ಬರೆದೆ. ಹುಟ್ಟಿದ ದಿನ ಮೋಟರಿನದು, ನನಗಿಂತ ಒಂದೂವರೆ ವರ್ಷ ಹಿರಿಯದು, ಫೆಬ್ರುವರಿ ತಿಂಗಳು. ಹೊತ್ತು ಬೆಳಿಗ್ಗೆ ಹನ್ನೊಂದು ನಲವತ್ತು. ಸ್ಥಳ ಕೊಯಮತ್ತೂರು, ತಾಯಿಯ ತವರೂ ಅದೇ. ತೂಕ ಎಂಬತ್ತಾರು ಕಿಲೋ. ಬಣ್ಣ ಬೂದು. ಸ್ವಭಾವ, ಬೇಗ ಬಿಸಿಯಾಗುತ್ತೇನೆ, ಫ್ಯಾನಿದ್ದರೆ ತೊಂದರೆಯಿಲ್ಲ. ಸಂಬಳದ ಜಾಗದಲ್ಲಿ ಮೋಟರಿನ ವೋಲ್ಟೇಜು ನಾನೂರ ಹದಿನೈದು ಎಂದು ಬರೆದು ಕಳಿಸಿದೆ. ಕಳ್ಳರಿಗೆ ಹೀಗೆ ಬುದ್ಧಿ ಕಲಿಸಬೇಕು ಎಂದು ಪತ್ರದ ಪ್ರತಿಯನ್ನು ಸೂಚನಾ ಫಲಕಕ್ಕೂ ಅಂಟಿಸಿದೆ. ಎಲ್ಲರೂ ನಕ್ಕರು. ಜೀವನದಲ್ಲಿ ಅಷ್ಟು ಜನ ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು.

ಮೂರು ವಾರ ಕಳೆಯಿತು. ಅಲ್ಕಾಪುರಿಯಲ್ಲಿ ನಮ್ಮ ಉಡುಪಿ ಕಡೆಯ ಸುಬ್ರಾಯ ಮಾಮನ ಹೋಟೆಲಿದೆ. ಭಾನುವಾರ ವಡೋದರಾದ ಒಂಟಿ ಕನ್ನಡಿಗರೆಲ್ಲ ಅಲ್ಲೇ ಊಟ. ಮಾಮ ಗಲ್ಲಾದಲ್ಲಿ ಕೂತು ಬಿಲ್ಲು ತೆಗೆದುಕೊಳ್ಳುತ್ತ ಇಪ್ಪತ್ತು ವರ್ಷದಲ್ಲಿ ಎಷ್ಟೋ ಮದುವೆ ಮಾಡಿಸಿದ್ದಾರೆ. ಗಲ್ಲಾದ ಕೆಳಗೆ ಅವರಲ್ಲೊಂದು ಫೈಲು, ಅದರಲ್ಲಿ ಗಂಡುಗಳು ಒಂದು ಕಡೆ, ಹೆಣ್ಣುಗಳು ಇನ್ನೊಂದು ಕಡೆ. ಅಂದು ನಾನು ಸಾರನ್ನ ಕಲಸುತ್ತಿದ್ದಾಗ ಮಾಮ ಎದ್ದು ಬಂದು ಎದುರಿಗೆ ಕೂತರು. ಸೂರತ್ತಿನ ವಾಸುದೇವ ರಾಯರು ಫೋನು ಮಾಡಿದ್ದರಂತೆ. ಅವರದೂ ಹೋಟೆಲು, ನಮ್ಮ ಕುಂದಾಪುರದ ಕಡೆಯವರೇ. ನಿನ್ನ ವಿಳಾಸ ಕೊಟ್ಟವನು ನಾನೇ ಎಂದರು. ಸಾರನ್ನ ಕೈಯಲ್ಲೇ ನಿಂತಿತು.

"ಮೂವತ್ತಾರರಲ್ಲಿ ಮೂವತ್ತೆರಡು ಗುಣ ಕೂಡಿ ಬಂದದೆ ಮಾರಾಯ. ಅವರ ಜೋಯಿಸರು ಇಂಥ ಜಾತಕ ಕಂಡದ್ದೇ ಇಲ್ಲವಂತೆ. ಬರುವ ಭಾನುವಾರ ಸೂರತ್ತಿಗೆ ಹೋಗಿ ಬಾ" ಎಂದರು ಮಾಮ. ಸ್ವಲ್ಪ ತಡೆದು, ತೂಕ ಎಂಬತ್ತಾರು ಅಂತ ಯಾಕೆ ಬರೆದಿ, ನಿನ್ನನ್ನು ಬಟ್ಟೆ ಸಮೇತ ತೂಗಿದರೂ ಐವತ್ತೈದು ಆಗಲಿಕ್ಕಿಲ್ಲ ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿಸಿದರು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಮಾಮ ಅಷ್ಟರಲ್ಲಿ ಹೆಣ್ಣಿನ ಫೋಟೋ ಮೇಜಿನ ಮೇಲಿಟ್ಟರು. ವೈಶಾಲಿ ಎಂದು ಹೆಸರು, ಸೂರತ್ತಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳಂತೆ. ಫೋಟೋದಲ್ಲಿ ಅವಳು ನಗುತ್ತಿರಲಿಲ್ಲ, ಇನ್ನೇನು ನಗು ಬಂತು ಎನ್ನುವಾಗ ತಡೆದುಕೊಂಡಿದ್ದಳು. ನನಗೆ ಆ ಕ್ಷಣವೇ ಇಷ್ಟವಾದಳು, ಇದರಲ್ಲಿ ಮುಚ್ಚಿಡುವುದೇನಿದೆ. ಕಳ್ಳರಿಗೆ ತಾಯಿಯ ತವರಿನವರೆಗೆ ನಿಜ ಹೇಳಿ, ಹೆಣ್ಣು ಕೊಡಲು ಬಂದವರಿಗೆ ಮೋಟರಿನ ತೂಕ ಹೇಳಿದ ಗಂಡು ಗುಜರಾತಿನಲ್ಲಿ ನಾನೊಬ್ಬನೇ ಇರಬೇಕು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಊರಿಗೆ ಫೋನು ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಆರು ವರ್ಷದಿಂದ ನನಗೆ ಹೆಣ್ಣು ಹುಡುಕಿ ಸೋತವಳು. ಪೂರ್ತಿ ಕೇಳಿ, "ನಿನ್ನ ಜಾತಕ ಸರಿ ಉಂಟು ಅಂತ ನಿಂಗೆ ಯಾರು ಹೇಳಿದ್ದು? ನೀ ಹುಟ್ಟುವಾಗ ಆಸ್ಪತ್ರೆಯ ಗಡಿಯಾರ ನಿಂತಿತ್ತು. ಅಪ್ಪಯ್ಯ ಅಂದಾಜಿಗೆ ಒಂದು ಬರೆಸಿದ್ದು" ಎಂದಳು. ಇಪ್ಪತ್ತೊಂಬತ್ತು ವರ್ಷ ನನ್ನ ಸೋಲುಗಳಿಗೆಲ್ಲ ಶನಿಯನ್ನು ಬೈದುಕೊಂಡು ಬಂದಿದ್ದೆ. ಪಾಪ, ಶನಿಗೆ ನನ್ನ ಪರಿಚಯವೇ ಇಲ್ಲದಿರಬಹುದು. ಸತ್ಯ ಹೇಳಿಬಿಡು, ಅವಳು ಒಪ್ಪಿದರೆ ಆಯಿತು ಎಂದು ಹೇಳಿ ಅಮ್ಮ ಫೋನಿಟ್ಟಳು.

ಭಾನುವಾರ ಬೆಳಗಿನ ರೈಲು ಹಿಡಿದೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಮನಸ್ಸಿನಲ್ಲಿ ಬರೆದು ಅಳಿಸುತ್ತಿದ್ದೆ. ಭರೂಚು ದಾಟುವಾಗ ಸೊಗಸಾದ ಒಂದು ವಾಕ್ಯ ಹೊಳೆದಿತ್ತು, ಇಳಿಯುವಷ್ಟರಲ್ಲಿ ಮರೆತುಹೋಯಿತು. ರಾಯರ ಮನೆ ಅವರ ಹೋಟೆಲಿನ ಮೇಲೇ ಇತ್ತು. ಬಾಗಿಲು ತೆರೆದವರು ರಾಯರೇ. ನನ್ನನ್ನು ನೋಡಿ ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಾರೇನೋ ಎಂದು ಇಣುಕಿದರು. ಎಂಬತ್ತಾರು ಕಿಲೋ ಲೆಕ್ಕ ಹಾಕಿ ಸೋಫಾದ ಮುರುಕು ಕಾಲಿಗೆ ಇಟ್ಟಿಗೆ ಕೊಟ್ಟಿದ್ದರಂತೆ, ಆಮೇಲೆ ಗೊತ್ತಾಯಿತು. ಉಪ್ಪಿಟ್ಟು, ಬಾಳೆಹಣ್ಣು, ಲೋಚೋ ಎಂಬ ಸೂರತ್ತಿನ ಬಿಸಿ ತಿಂಡಿ ಎಲ್ಲ ಬಂತು. ಒಂದು ಫ್ಯಾನು ಮೇಲೆ ತಿರುಗುತ್ತಿದ್ದರೂ ಇನ್ನೊಂದನ್ನು ತಂದು ನನ್ನ ಮುಖಕ್ಕೇ ಇಟ್ಟರು. ಪಟಪಟ ಹೊಡೆದುಕೊಳ್ಳುತ್ತಿದ್ದ ಅಂಗಿಯ ಕಾಲರನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಉಪ್ಪಿಟ್ಟು ತಿಂದೆ. ವೈಶಾಲಿ ಎದುರಿನ ಕುರ್ಚಿಯಲ್ಲಿ ಕೂತು ನನ್ನ ಮುಖದ ಬಣ್ಣವನ್ನು ಎವೆಯಿಕ್ಕದೆ ನೋಡುತ್ತಿದ್ದಳು.

ರಾಯರು ಜೋಯಿಸರು ಬರೆದುಕೊಟ್ಟ ಹಾಳೆ ತೆಗೆದು ಗಟ್ಟಿಯಾಗಿ ಓದತೊಡಗಿದರು. ಜಾತಕನು ಹೊತ್ತ ಭಾರವನ್ನು ಅರ್ಧದಲ್ಲಿ ಇಳಿಸುವವನಲ್ಲ. ಒಂದು ಕಡೆ ನೆಲೆಯಾದರೆ ಕದಲುವುದಿಲ್ಲ. ಮಾತು ಒಂದೇ ಸಮ, ಏರಿಳಿತವಿಲ್ಲ. ಮೂವತ್ತರ ಆಸುಪಾಸಿನಲ್ಲಿ ಬೆಂಕಿಯಿಂದ ಕಂಟಕವಿದೆ, ಆದರೆ ನುರಿತವರ ಕೈಗೆ ಸಿಕ್ಕಿ ಪಾರಾಗುತ್ತಾನೆ, ಆಮೇಲೆ ಹಿಂದಿಗಿಂತ ಚೆನ್ನಾಗಿ ಬಾಳುತ್ತಾನೆ. ನಾನು ಕೈಯಲ್ಲಿದ್ದ ಬಾಳೆಹಣ್ಣು ಕೆಳಗಿಟ್ಟೆ. ಆ ಮೋಟರು ಸುಟ್ಟಾಗ ಅದಕ್ಕೆ ಮೂವತ್ತೊಂದು. ನುರಿತವರ ಕೈ ಎಂದರೆ ನಮ್ಮದು. ಹಿಂದಿನ ಶುಕ್ರವಾರವಷ್ಟೇ ಹೊಸ ತಂತಿ ಸುತ್ತಿಸಿ, ಪರೀಕ್ಷೆಯಲ್ಲಿ ಪಾಸು ಮಾಡಿ, ಗಿರಣಿಗೆ ಕಳಿಸಿದ್ದೆ. ಜ್ಯೋತಿಷ್ಯವನ್ನು ಲೇವಡಿ ಮಾಡುವುದನ್ನು ನಾನು ಆವತ್ತಿನಿಂದ ಬಿಟ್ಟಿದ್ದೇನೆ.

ಅದಕ್ಕಿಂತ ಹೆಚ್ಚು ಹೊತ್ತು ತಡೆಯಲಾಗಲಿಲ್ಲ. ರಾಯರೇ, ಅದು ನನ್ನ ಜಾತಕವಲ್ಲ, ಒಂದು ಮೋಟರಿನದು ಎಂದುಬಿಟ್ಟೆ. ಬ್ಯಾಂಕಿನ ಪತ್ರ, ಹಂಸಾಬೆನ್ನರ ಪಾಠ, ಸೂಚನಾ ಫಲಕ, ಎಲ್ಲ ಹೇಳಿದೆ. ನಡುವೆ ಫ್ಯಾನು ಆರಿಸಿ ಎಂದು ಕೇಳಿಕೊಂಡೆ. ರಾಯರು ಜೋಯಿಸರ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಒಂದೊಂದೇ ಕೇಳಿದರು. ಕೊಯಮತ್ತೂರಿನಲ್ಲಿ ಯಾರೂ ಇಲ್ಲವೋ? ಇಲ್ಲ. ಸಂಬಳ ವರ್ಷಕ್ಕೆ ನಾಲ್ಕು ಲಕ್ಷದ ಹದಿನೈದು ಸಾವಿರ ಅಂತ ತಿಳಿದಿದ್ದೆವಲ್ಲ? ಅದು ವೋಲ್ಟು. ರಾಯರ ಮುಖ ಬಾಡಿತು. ಬೂದು ಬಣ್ಣವೆಂದರೆ ಕಪ್ಪು ಎನ್ನಲು ನಾಚಿಕೊಂಡು ಬರೆದಿದ್ದಾರೆ, ಮರ್ಯಾದಸ್ಥ ಹುಡುಗ ಎಂದುಕೊಂಡಿದ್ದರಂತೆ. ನಮ್ಮನ್ನು ಕಳ್ಳರು ಅಂತ ಎಣಿಸಿದಿರಾ ಎಂದು ಕೊನೆಗೆ ಕೇಳಿದಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು.

ಅವರು ಆಗಸ್ಟು ತಿಂಗಳಿನ ನನ್ನ ಅಸಲಿ ದಿನ ಮತ್ತು ಗಳಿಗೆ ಬರೆಸಿಕೊಂಡು, ಒಳಗೆ ಹೋಗಿ ಜೋಯಿಸರಿಗೆ ಫೋನು ಮಾಡಿದರು. ನಾನೂ ವೈಶಾಲಿಯೂ ಎದುರೆದುರು ಉಳಿದೆವು. ಎದ್ದು ಹೋಗುವುದು ಒಳ್ಳೆಯದೋ, ಹಣ್ಣು ತಿಂದು ಹೋಗುವುದು ಒಳ್ಳೆಯದೋ ಎಂದು ಯೋಚಿಸುತ್ತಿದ್ದೆ. ಇನ್ನೈದು ನಿಮಿಷದಲ್ಲಿ ಇವಳನ್ನು ಮತ್ತೆ ನೋಡುವ ದಾರಿಯೇ ಮುಚ್ಚುತ್ತದೆ ಎಂಬುದು ಮಾತ್ರ ಖಚಿತವಾಗಿತ್ತು. ಅವಳೇ ಮಾತು ತೆಗೆದಳು. ಸೂರತ್ತಿನಲ್ಲಿ ಬೆಳೆದವಳು, ಕನ್ನಡಕ್ಕೆ ಸಿಕ್ಕಿದ್ದೆಲ್ಲ ಸೇರಿಸುತ್ತಿದ್ದಳು. ಬಣ್ಣ ಬೂದು ಎಂದು ಬರೆದ ಆಸಾಮಿಯನ್ನು ಒಮ್ಮೆಯಾದರೂ ನೋಡಬೇಕು ಎಂದು ಅಪ್ಪನಿಗೆ ಹೇಳಿ ಕರೆಸಿದ್ದು ಅವಳೇ ಅಂತೆ. ಗುಣಗಳ ಲೆಕ್ಕ ಅವಳು ಕೇಳಿಯೂ ಇರಲಿಲ್ಲ.

ರಾಯರು ಹೊರಗೆ ಬಂದರು. ಏಳು, ಎಂದರು. ನಾನು ಎದ್ದು ನಿಂತೆ. ಏಳುವುದಲ್ಲ, ಗುಣ ಏಳು, ಮೂವತ್ತಾರರಲ್ಲಿ ಏಳೇ ಏಳು ಎಂದು ಕುಸಿದು ಕೂತರು. ಹದಿನೆಂಟಕ್ಕಿಂತ ಕಡಿಮೆಯಿದ್ದರೆ ಜೋಯಿಸರು ಮಾತೇ ಆಡುವುದಿಲ್ಲವಂತೆ. ಮಗಳ ಕಡೆ ನೋಡಿ, ಮೂವತ್ತೆರಡರ ಜಾತಕ ಕೈತಪ್ಪಿತಲ್ಲ ಎಂದರು.

"ಪಪ್ಪಾ, ಆ ಜಾತಕದವರು ಈಗ ಮಿಲ್ಲಿನಲ್ಲಿ ನೀರು ಪಂಪ್ ಮಾಡ್ತಾ ಇದ್ದಾರೆ" ಎಂದಳು ವೈಶಾಲಿ. "ನಂಗೆ ಇವರೇ ಚಾಲ್ಶೆ."

ಚಾಲ್ಶೆ ಎಂದರೆ ಗುಜರಾತಿಯಲ್ಲಿ ನಡೆಯುತ್ತದೆ, ಪರವಾಗಿಲ್ಲ ಎಂದರ್ಥ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಹಾಗೆನ್ನುತ್ತಾರೆ. ಬಸ್ಸಿನಲ್ಲಿ ಸೀಟಿನ ಅರ್ಧ ಮಾತ್ರ ಸಿಕ್ಕರೆ ಹಾಗೆನ್ನುತ್ತಾರೆ. ನನಗೆ ಮಾತ್ರ ಅದಕ್ಕಿಂತ ಸಿಹಿಯಾದ ಮಾತು ಯಾವ ಭಾಷೆಯಲ್ಲೂ ಇದೆ ಎನ್ನಿಸಲಿಲ್ಲ. ಕಣ್ಣಲ್ಲಿ ನೀರು ಬಂತು, ಫ್ಯಾನಿನ ಗಾಳಿ ಎಂದು ಹೇಳೋಣವೆಂದರೆ ಅದನ್ನು ನಾನೇ ಹೇಳಿ ನಿಲ್ಲಿಸಿಯಾಗಿತ್ತು.

ರಾಯರಿಗೆ ಬೇರೆಯೇ ಚಿಂತೆ. ಮೂವತ್ತೆರಡು ಎಂದು ಸೂರತ್ತಿನ ನಮ್ಮವರಿಗೆಲ್ಲ ಹೇಳಿಯಾಗಿದೆ, ಹೆಂಡತಿಯ ತಮ್ಮಂದಿರಿಗೆ ಎರಡೆರಡು ಸಲ ಹೇಳಿಯಾಗಿದೆ. ಈಗ ಏಳು ಎಂದರೆ ಮುಖ ಎಲ್ಲಿಡುವುದು? ಅವರು ಸ್ವಲ್ಪ ಹೊತ್ತು ಓಡಾಡಿದರು. ಕಿಟಕಿ ಹಾಕಿದರು. ನನ್ನ ಹತ್ತಿರ ಬಂದು, "ವಿಷಯ ಈ ಕೋಣೆಯಲ್ಲೇ ಇರಲಿ. ಇವತ್ತಿಂದ ನೀವು ಫೆಬ್ರುವರಿಯವರೇ. ಕೊಯಮತ್ತೂರಿಗೆ ಮಾತ್ರ ಎಂತಾದ್ರೂ ಹೇಳುವ" ಎಂದರು. ಗುಟ್ಟು ಎಂದರೆ ಅನುಮಾನ ಪಡಬೇಕೆಂದು ಕಲಿತಿದ್ದ ನಾನು ತಲೆಯಾಡಿಸಿದೆ.

ಮೋಟರಿನ ಜಾತಕಕ್ಕೆ ಹೊಂದುವ ಮುಹೂರ್ತದಲ್ಲಿ ನಮ್ಮ ಮದುವೆಯಾಯಿತು. ಅಂದಿನಿಂದ ನನ್ನ ಗ್ರಹಗತಿಯೆಲ್ಲ ಆ ಮೋಟರಿನದೇ. ಮಾವ ವರ್ಷಕ್ಕೊಮ್ಮೆ ನನ್ನ ಹೆಸರಿನಲ್ಲಿ ಅದರ ಶನಿಗೆ ಎಳ್ಳೆಣ್ಣೆ ದೀಪ ಹಚ್ಚಿಸುತ್ತಾರೆ. ಫೆಬ್ರುವರಿಯಲ್ಲಿ ಆ ದಿನ ಬಂದರೆ ಸೂರತ್ತಿನಿಂದ ಸಂಸಾರ ಸಮೇತ ಬಂದಿಳಿಯುತ್ತಾರೆ, ಪಾಯಸವಾಗುತ್ತದೆ, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಸರಿಯಾಗಿ ಆರತಿ ಎತ್ತುತ್ತಾರೆ. ಮೊದಮೊದಲು ನಾನೂ ವೈಶಾಲಿಯೂ ಕಣ್ಣಲ್ಲೇ ನಗುತ್ತಿದ್ದೆವು. ವರ್ಷ ಉರುಳಿದ ಹಾಗೆ ಆ ನಗುವೂ ನಿಂತಿತು. ಅವಳು ನನ್ನ ವಯಸ್ಸನ್ನು ಒಂದೂವರೆ ವರ್ಷ ಹೆಚ್ಚೇ ಹೇಳುತ್ತಾಳೆ, ನಾನು ತಿದ್ದುವುದಿಲ್ಲ.

ಮೊನ್ನೆ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮೊಬೈಲು ಸದ್ದು ಮಾಡಿತು. ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆ, ವೈಶಾಲಿ ಎತ್ತಿ ಓದಿದಳು. ಬ್ಯಾಂಕಿನ ಹೆಸರಿನಲ್ಲಿ ಸಂದೇಶ, ಪ್ರಿಯ ಗ್ರಾಹಕರೇ, ನಿಮ್ಮ ಜನ್ಮದಿನಕ್ಕೆ ಹಾರ್ದಿಕ ಶುಭಾಶಯ ಎಂದು. ಅವಳು ಹುಬ್ಬು ಗಂಟಿಕ್ಕಿ, ನಿಮ್ಮ ಬರ್ತ್‌ಡೇ ಫೆಬ್ರುವರಿ ಅಂತ ಬ್ಯಾಂಕಿಗೆ ಗೊತ್ತಿಲ್ವಾ, ಯಾರೋ ಫ್ರಾಡ್ ಇರಬೇಕು ಎಂದಳು. ನಾನು ಕನ್ನಡಿಯಲ್ಲಿ ಸೋಪಿನ ಮುಖ ನೋಡಿಕೊಂಡು ಒಂದು ನಿಮಿಷ ಯೋಚಿಸಿದೆ. ನನಗೂ ಹಾಗೇ ಅನ್ನಿಸಿತು. ಅಳಿಸಿಬಿಡು ಎಂದೆ.